ಹಸಿ, ಒಣ, ಇನ್ನೊಂದಿಲ್ಲ

ಬೆಳಿಗ್ಗೆ ಎದ್ದು ಬಾಗಿಲು ತೆಗೆದಾಗ ನಿಮ್ಮ ಮನೆಯ ಚಿಲಕಕ್ಕೆ ನಿಮ್ಮದೇ ಕಸದ ಚೀಲ ತೂಗಾಡುತ್ತಿದ್ದರೆ ಏನು ಮಾಡುತ್ತೀರಿ? ಆ ನಾಲ್ಕು ಮಹಡಿಯ ಕಟ್ಟಡದವರು ಏನೂ ಮಾಡುತ್ತಿರಲಿಲ್ಲ. ಅಕ್ಕಪಕ್ಕದವರ ಕಣ್ಣಿಗೆ ಬೀಳುವ ಮೊದಲೇ ಚೀಲವನ್ನು ಒಳಗೆಳೆದುಕೊಂಡು, ಬಾಗಿಲು ಹಾಕಿಕೊಂಡು, ತುಟಿ ಪಿಟಕ್ಕೆನ್ನದೆ ಮತ್ತೆ ಬೇರ್ಪಡಿಸಲು ಕೂರುತ್ತಿದ್ದರು. ತೂಗುಹಾಕಿದವರು ಯಾರೆಂದು ಕೇಳುವ ಪ್ರಮೇಯವೇ ಇರಲಿಲ್ಲ. ಹಲೋ ಅತ್ತೆಯಲ್ಲದೆ ಇನ್ಯಾರು?

ಈ ಹೆಸರು ಬಂದದ್ದು ಅವರ ಕೆಲಸದಿಂದ. ಪ್ರಾಯವೆಲ್ಲ ಟೆಲಿಫೋನ್ ಕಚೇರಿಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಂಡವರ ಮಾತನ್ನು ಕಂಡವರಿಗೆ ಜೋಡಿಸಿಕೊಟ್ಟ ಹೆಂಗಸು. ನಿವೃತ್ತರಾದ ಮೇಲೂ ಯಾರ ಮನೆಗೆ ಹೋದರೂ ಬೆಲ್ ಒತ್ತುವುದಿಲ್ಲ, ಹೊಸ್ತಿಲಲ್ಲಿ ನಿಂತು "ಹಲೋ!" ಅನ್ನುತ್ತಾರೆ. ಆ ಹಲೋ ನೆಲಮಹಡಿಯಿಂದ ಹೊರಟರೆ ತಾರಸಿಯ ಮೇಲಿನ ಕಾಗೆ ಎದ್ದು ಹಾರಬೇಕು, ಅಂಥ ಗಂಟಲು. ಕಚೇರಿ ಬಿಟ್ಟ ಮೇಲೆ ಆ ಗಂಟಲಿಗೆ ಕೆಲಸ ಬೇಕಿತ್ತು, ಕಟ್ಟಡದ ಕಸ ಕೈಗೆ ಸಿಕ್ಕಿತು.

ಸುಳ್ಳು ಯಾಕೆ ಹೇಳಬೇಕು, ಅವರು ಬರುವ ಮೊದಲು ಹಿತ್ತಿಲಿನ ಕಡೆ ಮೂಗು ಮುಚ್ಚಿಕೊಳ್ಳದೆ ಹೋಗುವಂತಿರಲಿಲ್ಲ. ನಾಯಿಗಳು ಎಳೆದಾಡಿದ ಚೀಲಗಳು, ನೊಣ, ಕೊಳೆತ ನೀರು, ಎಲ್ಲ ಸೇರಿ ಅದೊಂದು ನರಕವಾಗಿತ್ತು. ಈಗ ಅಲ್ಲಿ ಗೊಬ್ಬರದ ಗುಂಡಿಯಿದೆ, ತಾರಸಿಯಲ್ಲಿ ಟೊಮೆಟೊ ಗಿಡಗಳಿವೆ. ಅಂಗಡಿಗೆ ಹೊರಟವರ ಕೈಯಲ್ಲಿ ಬಟ್ಟೆಯ ಚೀಲ, ಸ್ಟೀಲ್ ಡಬ್ಬಿ. ಮುರಿದ ಛತ್ರಿಯನ್ನು ಎಸೆಯುವ ಮೊದಲು ಜನ ಎರಡು ಸಲ ಮೆಟ್ಟಿಲ ಕಡೆ ನೋಡುತ್ತಾರೆ. ಇದೆಲ್ಲ ಅತ್ತೆಯ ಬಾಯಿಂದಲೇ ಆದದ್ದು.

ನಗರಸಭೆಯವರು ಕೊಟ್ಟ ಕಾಗದದಲ್ಲಿ ಮೂರು ಡಬ್ಬಿಗಳ ಚಿತ್ರವಿತ್ತು. ಹಸಿ ಕಸ, ಒಣ ಕಸ, ಅಪಾಯದ ಕಸ. ಅತ್ತೆ ಮೂರನೆಯದಕ್ಕೆ ಪೆನ್ಸಿಲಿನಿಂದ ಅಡ್ಡಗೀಟು ಎಳೆದರು. "ಎರಡು ಹೇಳಿಕೊಡೋಷ್ಟರಲ್ಲೇ ನನ್ನ ಪ್ರಾಣ ಹೋಗ್ತಿದೆ, ಇವರ ತಲೆಗೆ ಮೂರು ತುರುಕೋಕಾಗುತ್ತಾ? ಹಸಿ, ಒಣ, ಇನ್ನೊಂದಿಲ್ಲ!" ಅದೇ ಕಟ್ಟಡದ ಮಂತ್ರವಾಯಿತು. ಮೊದಮೊದಲು ಅದರಲ್ಲೂ ಎಡವಟ್ಟು. ಎರಡನೆಯ ಮಹಡಿಯ ಬ್ಯಾಂಕಿನ ಹೆಂಗಸು ಬಾಳೆಹಣ್ಣಿನ ಸಿಪ್ಪೆಯನ್ನು ತಾರಸಿಯಲ್ಲಿ ಗರಿಗರಿಯಾಗಿ ಒಣಗಿಸಿ ಒಣ ಕಸಕ್ಕೆ ಹಾಕಿದ್ದಳು. "ಒಣಗಿದೆಯಲ್ಲ ಅತ್ತೆ, ಮುಟ್ಟಿ ನೋಡಿ!" ಅಂದಳಂತೆ. ಕಟ್ಟಡವೆಲ್ಲ ಬಿದ್ದು ಬಿದ್ದು ನಕ್ಕಿತು. ಚಿಲಕಕ್ಕೆ ಚೀಲವಂತೂ ಬಿತ್ತು.

ಅತ್ತೆಯದು ನಾಲ್ಕನೆಯ ಮಹಡಿಯ ಮನೆ. ಅಲ್ಲಿ ಶಾಲೆಯಲ್ಲಿ ಚಿತ್ರ ಕಲಿಸಿ ನಿವೃತ್ತರಾದ ಗಂಡ ಇದ್ದರು, ಎಲ್ಲರ ಬಾಯಲ್ಲೂ ಡ್ರಾಯಿಂಗ್ ಮೇಷ್ಟ್ರು. ಮಗ ರೈಲಿನ ಗಾರ್ಡು, ತಿಂಗಳಲ್ಲಿ ಮುಕ್ಕಾಲು ಪಾಲು ಹಳಿಯ ಮೇಲೆ. ಮನೆಯಲ್ಲಿ ಅತ್ತೆಯ ಮಾತಿಗೆ ತಲೆಯಾಡಿಸಲು ಉಳಿದವಳು ಸೊಸೆ. ಅವಳೀಗ ಬಸುರಿ, ಹೊಟ್ಟೆ ಆಗತಾನೆ ಕಾಣಿಸಿಕೊಂಡಿತ್ತು. ಭಾನುವಾರ ಕಸದ ಗಾಡಿ ಬರುವ ಮುನ್ನ ಒಣ ಕಸದ ಚೀಲಗಳನ್ನು ಬಿಚ್ಚಿ ಪರೀಕ್ಷೆ ಮಾಡುವುದು ಅತ್ತೆಯ ಪದ್ಧತಿ. ಸೊಂಟ ಹಿಡಿದುಕೊಂಡಾಗಿನಿಂದ ಬಗ್ಗುವ ಕೆಲಸ ಸೊಸೆಗೆ ಬಂದಿತ್ತು.

ಆ ಭಾನುವಾರ ಕೆಳಗೆ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಕೂತ ಸೊಸೆ ಕೇಳಿದಳು, "ಅತ್ತೆ, ಒಂದು ಜೊತೆ ಗ್ಲೌಸ್ ತರಿಸೋಣ್ವಾ?"

"ಅದೂ ಪ್ಲಾಸ್ಟಿಕ್ಕೇ ಅಲ್ವೇನೇ? ನಾಳೆ ಅದನ್ನೆಲ್ಲಿ ಹಾಕ್ತೀಯ? ಕೈ ತೊಳೆದ್ರೆ ಆಯ್ತು," ಅಂದರು ಅತ್ತೆ.

ಸೊಸೆ ಖಾಲಿ ಪ್ಯಾಕೆಟ್ಟುಗಳ ರಾಶಿಗೆ ಕೈ ಹಾಕಿದಳು, ಚಿಟ್ಟನೆ ಚೀರಿದಳು. ಹೆಬ್ಬೆರಳಿನ ಬುಡದಲ್ಲಿ ಗಿಡ್ಡ ಸೂಜಿಯೊಂದು ನೆಟ್ಟಗೆ ಚುಚ್ಚಿಕೊಂಡು ನಿಂತಿತ್ತು. ಬಟ್ಟೆ ಹೊಲಿಯುವ ಸೂಜಿಯಲ್ಲ, ಮದ್ದು ಚುಚ್ಚುವ ಸೂಜಿ. ಕಿತ್ತಾಗ ಒಂದು ಹನಿ ರಕ್ತ ಬಂತು, ಒಂದೇ ಹನಿ.

ಅತ್ತೆ ಸೂಜಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಸೊಸೆಯನ್ನು ಆಟೋಗೆ ಹತ್ತಿಸಿ ಆಸ್ಪತ್ರೆಗೆ ಓಡಿದರು. ದಾರಿಯಲ್ಲಿ ಮನೆಯಿಂದ ಫೋನು. ಮೇಷ್ಟ್ರು ಮೇಲಿನ ಕಿಟಕಿಯಿಂದ ನೋಡಿರಬೇಕು. "ಏನಾಯ್ತೇ?" ಅಂದರು. "ಕಸದಲ್ಲಿ ಯಾವನೋ ಪಾಪಿಯ ಇಂಜೆಕ್ಷನ್ ಸೂಜಿ ಇತ್ತು ಕಣ್ರೀ, ಇವಳಿಗೆ ಚುಚ್ಚಿದೆ! ಈಗ ಮಾತಾಡಿಸಬೇಡಿ," ಎಂದು ಅತ್ತೆ ಕತ್ತರಿಸಿದರು. ಮತ್ತೆ ಬಂತು, ಮತ್ತೆ ಕತ್ತರಿಸಿದರು. ಆಮೇಲೆ ಫೋನನ್ನೇ ಆರಿಸಿ ಚೀಲಕ್ಕೆ ಹಾಕಿದರು.

ಎಳೆಯ ವಯಸ್ಸಿನ ಡಾಕ್ಟರಮ್ಮ ಗಾಯ ನೋಡಿದಳು, ಹೊಟ್ಟೆ ನೋಡಿದಳು, ಮುಖ ಗಂಭೀರ ಮಾಡಿಕೊಂಡಳು. "ಗ್ಲೌಸ್ ಹಾಕಿರಲಿಲ್ವಾ?"

"ಇಲ್ಲ," ಅಂದಳು ಸೊಸೆ. ಅತ್ತೆಯ ಕಡೆ ತಿರುಗಿ ಕೂಡ ನೋಡಲಿಲ್ಲ. ನೋಡಿದ್ದರೇ ವಾಸಿಯಿತ್ತೇನೋ.

"ಬೇರೆಯವರ ರಕ್ತದ ಸೂಜಿಯಿಂದ ಕೆಟ್ಟ ಕಾಯಿಲೆಗಳು ದಾಟಬಹುದು. ತಾಯಿಗೂ, ಮಗುವಿಗೂ. ತಡೆಯೋಕೆ ಔಷಧಿ ಈಗಲೇ ಶುರು ಮಾಡ್ತೀನಿ. ಆದ್ರೆ ಸೂಜಿ ಯಾರದು ಅಂತ ಗೊತ್ತಾದ್ರೆ ಅವರ ರಕ್ತ ಇವತ್ತೇ ಪರೀಕ್ಷೆ ಮಾಡಬಹುದು. ಅವರಿಗೆ ಏನೂ ಇಲ್ಲ ಅಂದ್ರೆ ಇವರಿಗೂ ಭಯ ಇಲ್ಲ. ಗೊತ್ತಾಗದಿದ್ರೆ ತಿಂಗಳುಗಟ್ಟಲೆ ಕಾಯ್ತಾ ಕೂರಬೇಕು."

ಸೊಸೆ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು. "ಅತ್ತೆ, ಹೆಂಗಾದ್ರೂ ಮಾಡಿ ಹುಡುಕಿ," ಅಂದಳು.

ಹಲೋ ಅತ್ತೆ ಕಟ್ಟಡಕ್ಕೆ ವಾಪಸು ಬಂದಾಗ ಮೈಯೆಲ್ಲ ಬೆಂಕಿ. ಯಾವನೇ ಆಗಿರಲಿ, ಅವನ ಜನ್ಮ ಜಾಲಾಡಿಬಿಡಬೇಕು ಅಂದುಕೊಂಡೇ ನೆಲಮಹಡಿಯ ಟ್ಯಾಕ್ಸಿ ಡ್ರೈವರನ ಬಾಗಿಲಿಗೆ ನಿಂತು ಹಲೋ ಅಂದರು. ಅವನು ಬನಿಯನ್ನಿನಲ್ಲೇ ಬಂದ. "ಅಯ್ಯಯ್ಯೋ ಅತ್ತೆ, ನಮ್ಮನೇಲಿ ಸೂಜಿ ಅಂದ್ರೆ ಗುಂಡಿ ಹೊಲಿಯೋದೊಂದೇ!" ಎಂದು ಬಾಗಿಲು ಹಾಕಿಕೊಂಡ. ಒಂದನೆಯ ಮಹಡಿಯಲ್ಲಿ ಒಳಗೆ ರೇಡಿಯೋ ಹಾಡುತ್ತಿತ್ತು. ಹಲೋ ಕೇಳಿಸಿದ್ದೇ ತಡ, ರೇಡಿಯೋ ನಿಂತಿತು, ಬಾಗಿಲು ತೆರೆಯಲೇ ಇಲ್ಲ. ಅದರ ಎದುರು ಮನೆಯವರು ಬಾಗಿಲ ಸಂದಿಯಿಂದಲೇ "ನಾವಲ್ಲ, ನಾವಲ್ಲ" ಅಂದರು, ಏನು ಕೇಳುತ್ತಿದ್ದಾರೆಂದು ತಿಳಿಯುವ ಮೊದಲೇ.

ಎರಡನೆಯ ಮಹಡಿಯ ಬ್ಯಾಂಕಿನ ಹೆಂಗಸು ಮಾತ್ರ ಪೂರ್ತಿ ಕೇಳಿಸಿಕೊಂಡಳು. ಕಣ್ಣಲ್ಲಿ ನೀರು ತಂದುಕೊಂಡಳು. "ಪಾಪ, ಆ ಹುಡುಗಿ... ನಮ್ಮದಲ್ಲ ಅತ್ತೆ, ಆಣೆ ಮಾಡ್ತೀನಿ." ಕಣ್ಣೊರೆಸಿಕೊಂಡು ಅಂದಳು, "ಆದ್ರೆ ಒಂದು ಮಾತು. ನಮ್ಮದೇ ಆಗಿದ್ರೂ ನಿಮಗೆ ಹೇಳ್ತಿರಲಿಲ್ಲ. ನಿಮಗೆ ಹೇಳಿ ಈ ಕಟ್ಟಡದಲ್ಲಿ ಬಾಳೋಕಾಗುತ್ತಾ? ಚಿಲಕಕ್ಕೆ ಚೀಲ ಕಟ್ಟಿದ ದಿನ ನನ್ನ ಮಗಳು ಶಾಲೆಗೆ ಹೋಗಲ್ಲ ಅಂತ ಅತ್ತಿದ್ದಳು ಗೊತ್ತಾ ನಿಮಗೆ?"

ಅತ್ತೆಗೆ ಗೊತ್ತಿರಲಿಲ್ಲ. ಕಪಾಳಕ್ಕೆ ಬಾರಿಸಿದ್ದರೂ ಅಷ್ಟು ಚುರ್ ಅನ್ನುತ್ತಿರಲಿಲ್ಲ. ತಾನು ಇಷ್ಟು ವರ್ಷ ಕಲಿಸಿದ್ದು ಕಸ ಬೇರ್ಪಡಿಸುವುದನ್ನೋ, ಬಾಯಿ ಮುಚ್ಚಿಕೊಳ್ಳುವುದನ್ನೋ? ಮೆಟ್ಟಿಲ ಕಂಬಿ ಹಿಡಿದು ನಿಂತರು. ಆಮೇಲೆ ಕತ್ತೆತ್ತಿ, ಮೇಲೂ ಕೆಳಗೂ ಕೇಳುವ ಹಾಗೆ ಕೂಗಿದರು.

"ಹಲೋ! ಎಲ್ಲರೂ ಕೇಳಿಸಿಕೊಳ್ಳಿ! ಯಾರದೇ ಆಗಿರಲಿ, ನಾನು ಒಂದು ಮಾತೂ ಬೈಯೋದಿಲ್ಲ. ತಪ್ಪು ನಂದು. ಮೂರನೇ ಡಬ್ಬಿ ಬೇಡ ಅಂದವಳು ನಾನು, ಗ್ಲೌಸ್ ಬೇಡ ಅಂದವಳೂ ನಾನೇ. ಆ ಮಗು ಉಳೀಬೇಕು. ದಮ್ಮಯ್ಯ, ಕೈ ಮುಗೀತೀನಿ, ಯಾರಾದ್ರೂ ಹೇಳಿ!"

ಕೊನೆಯ ಮಾತಿಗೆ ಗಂಟಲು ಒಡೆಯಿತು. ಆ ಗಂಟಲು ಒಡೆದದ್ದನ್ನು ಕಟ್ಟಡ ಅದೇ ಮೊದಲು ಕೇಳಿದ್ದು. ಮೇಲೆ ಒಂದು ಬಾಗಿಲು ಕಿರುಗುಟ್ಟಿತು. ಚಪ್ಪಲಿ ಕೂಡ ಹಾಕಿಕೊಳ್ಳದೆ ಮೆಟ್ಟಿಲಿಳಿದು ಬಂದವರು ಡ್ರಾಯಿಂಗ್ ಮೇಷ್ಟ್ರು.

"ಅದು ನಂದು ಕಣೇ."

"ಯಾವುದ್ರೀ?"

"ಸೂಜಿ. ನಿಂಗೆ ಫೋನ್ ಮಾಡಿದ್ದು ಅದಕ್ಕೇ. ನೀನು ಕಟ್ ಮಾಡ್ತಾನೇ ಇದ್ದೆ. ಯಾವ ಆಸ್ಪತ್ರೆ ಅಂತಾನೂ ಹೇಳಲಿಲ್ಲ. ಬೀದೀಲಿರೋ ಎರಡು ಆಸ್ಪತ್ರೆಗೂ ಹೋಗಿ ಕೇಳಿ, ಈಗ ತಾನೇ ಬಂದು ಕೂತಿದ್ದೆ." ಮೇಷ್ಟ್ರು ಅಂಗಿಯ ಜೇಬಿನಿಂದ ದಪ್ಪನೆಯ ಪೆನ್ನೊಂದನ್ನು ತೆಗೆದು ತೋರಿಸಿದರು. ಅತ್ತೆ ಆ ಪೆನ್ನನ್ನು ದಿನಾ ನೋಡಿದ್ದರು, ಬರೆಯುವ ಪೆನ್ನೆಂದೇ ತಿಳಿದಿದ್ದರು. ಅದರೊಳಗೆ ಶಾಯಿಯಲ್ಲ, ತುದಿಗೆ ಸೂಜಿ ಸಿಕ್ಕಿಸಿ ಚುಚ್ಚಿಕೊಳ್ಳುವ ಸಕ್ಕರೆ ಕಾಯಿಲೆಯ ಮದ್ದಿತ್ತು.

"ನೀವು ಮಾತ್ರೆ ತಗೊಳ್ತಿದ್ರಲ್ಲ?"

"ಅದು ಸಾಕಾಗಲಿಲ್ಲ. ಡಾಕ್ಟ್ರು ಸೂಜಿ ಅಂದಾಗ ನಿಂಗೆ ಹೇಳಿದೆ. ನೀನು 'ಥೂ, ದಿನಾ ಒಂದು ಸೂಜಿ ಎಸೆಯೋದಾ, ಎದ್ದು ವಾಕಿಂಗ್ ಹೋಗಿ' ಅಂದೆ. ಆಮೇಲೆ ನಾನೂ ಸುಮ್ಮನಾದೆ. ತಾರಸಿಯಲ್ಲಿ ನೀರಿನ ತೊಟ್ಟಿ ಹಿಂದೆ ನಿಂತು ಹಾಕ್ಕೊಳ್ತಿದ್ದೆ. ಸೂಜಿ ಎಲ್ಲಿ ಎಸೀಬೇಕು ಅಂತ ಕೇಳೋಣ ಅಂದ್ರೆ, ಯಾರನ್ನ ಕೇಳಲಿ? ಹಸಿಯಂತೂ ಅಲ್ಲ. ಒಣದಕ್ಕೆ ಹಾಕಿದೆ."

ಹಾಗೆ ಹೇಳಿದ್ದು ಅತ್ತೆಗೆ ನೆನಪೇ ಇರಲಿಲ್ಲ. ಲಕ್ಷ ಜನರ ಮಾತನ್ನು ತಪ್ಪದೆ ದಾಟಿಸಿದ ಹೆಂಗಸು, ಮನೆಯೊಳಗಿನ ಒಂದು ಕರೆಯನ್ನು ಇಷ್ಟು ಕಾಲ ಕತ್ತರಿಸಿಕೊಂಡೇ ಬಂದಿದ್ದರು. ಬೈಯಲು ಬಾಯಿ ಬರಲಿಲ್ಲ, ಅಳಲು ಪುರುಸೊತ್ತಿರಲಿಲ್ಲ. ಟ್ಯಾಕ್ಸಿ ಡ್ರೈವರ್ ಅಷ್ಟರಲ್ಲಿ ಬನಿಯನ್ನಿನ ಮೇಲೊಂದು ಅಂಗಿ ಎಳೆದುಕೊಂಡು ಕೀಲಿ ಹಿಡಿದು ನಿಂತಿದ್ದ. "ಹತ್ತಿ ಅತ್ತೆ, ಹತ್ತಿ ಮೇಷ್ಟ್ರೇ," ಅಂದ.

ಮೇಷ್ಟ್ರ ರಕ್ತದಲ್ಲಿ ಸಕ್ಕರೆಯ ಹೊರತು ಬೇರೇನೂ ಸಿಗಲಿಲ್ಲ. ಡಾಕ್ಟರಮ್ಮ ಬಂದು "ಔಷಧಿ ಇನ್ನು ಬೇಡ. ಭಯ ಬೇಡ" ಅಂದಾಗ ಸೊಸೆ ಮಾವನ ತೋಳಿಗೆ ಹಣೆಯಿಟ್ಟು ಗಳಗಳನೆ ಅತ್ತುಬಿಟ್ಟಳು. "ನಿಮ್ಮದಾಗಿದ್ದೇ ಒಳ್ಳೇದಾಯ್ತು ಮಾವ," ಅನ್ನುತ್ತ ಅಳುವಿನ ನಡುವೆಯೇ ನಕ್ಕಳು. ಅತ್ತೆಗೂ ಹೋದ ಜೀವ ಬಂದಂತಾಯಿತು, ಗೋಡೆಗೊರಗಿ ಕುಸಿದು ಕೂತರು.

"ಇವರ ಸಕ್ಕರೆ ಯಾಕೋ ಹತೋಟಿಗೆ ಬಂದಿಲ್ಲ. ಎಲ್ಲಿ ಚುಚ್ಕೋತೀರಿ, ತೋರಿಸಿ," ಅಂದಳು ಡಾಕ್ಟರಮ್ಮ. ಮೇಷ್ಟ್ರು ಹಿಂದೆಮುಂದೆ ನೋಡಿ ಅಂಗಿ ಎತ್ತಿದರು.

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಹೊಟ್ಟೆಯ ತುಂಬ ನೀಲಿಗಟ್ಟಿದ ಕಲೆಗಳು, ಗಂಟುಗಂಟಾಗಿ ಉಬ್ಬಿದ ಚರ್ಮ, ಒಂದೆರಡು ಕಡೆ ಸಿಗಿದ ಹಾಗೆ ಗಾಯ.

"ಏನ್ರೀ ಇದು! ಒಂದೇ ಸೂಜಿ ಎಷ್ಟು ಸಲ ಬಳಸ್ತೀರಿ?" ಡಾಕ್ಟರಮ್ಮನೇ ಗಾಬರಿಯಾಗಿದ್ದಳು.

"ಮೊಂಡಾಗಿ ಒಳಗೆ ಹೋಗದಿರೋ ತನಕ," ಅಂದರು ಮೇಷ್ಟ್ರು, ಅಪರಾಧ ಮಾಡಿದ ಮಗುವಿನ ಹಾಗೆ ಹೆಂಡತಿಯ ಕಡೆ ನೋಡುತ್ತ. "ಕಸ ಜಾಸ್ತಿ ಆಗಬಾರದಲ್ಲ."

ಅತ್ತೆ ಎದ್ದು ಹತ್ತಿರ ಬಂದು, ಗಂಡನ ಅಂಗಿಯನ್ನು ಮೆಲ್ಲಗೆ ಕೆಳಗಿಳಿಸಿ, ಗುಂಡಿ ಹಾಕಿದರು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿದರು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಅವಳು ಮುಂದಕ್ಕೆ ಬಗ್ಗಿ ಕೇಳಿಸಿಕೊಳ್ಳಬೇಕಾಯಿತು.

"ದಿನಾ ಒಂದೊಂದು ಹೊಸದು ಬರಕೊಡಿ ತಾಯಿ. ಅದನ್ನ ಎಸೆಯೋದು ಹೇಗೆ ಅಂತ ನಂಗೆ ಹೇಳಿಕೊಡಿ."