ತವರ ಹೆಸರಿಗೊಂದು ಕಾಲಂ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದು ಸುಗ್ಗಿಗೆ ಮುಂಚೆಯೋ ಆಮೇಲೋ, ಲ್ಯಾಪ್‌ಟಾಪ್ ಇಟ್ಟುಕೊಂಡದ್ದು ಹಿಟ್ಟಿನ ಡಬ್ಬದ ಮೇಲೋ ಮಣೆಯ ಮೇಲೋ, ಖಚಿತವಿಲ್ಲ. ಆದರೆ ಆಳಂದದ ಕಾಕಿಯ ಮನೆಯಲ್ಲಿ ಹೆಂಗಸರು ಸಾಲಾಗಿ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಅದಾದರೂ ನಾನು ಆಮೇಲೆ ಕಟ್ಟಿಕೊಂಡದ್ದಲ್ಲ ಎಂದು ನಂಬಿದ್ದೇನೆ.

ಕಾಕಿ ನನ್ನ ಅಪ್ಪನ ತಮ್ಮನ ಹೆಂಡತಿ. ಓಣಿಯ ಹೆಂಗಸರನ್ನು ಕೂಡಿಸಿಕೊಂಡು, ತಾನೂ ಬಡಿಯುತ್ತ, ಖಡಕ್ ರೊಟ್ಟಿ ಮಾರುತ್ತಿದ್ದಳು. ಅಫಜಲಪುರ, ಜೇವರ್ಗಿಯ ಅಂಗಡಿಗಳವರು ಯಾರ ಕೈಯ ರೊಟ್ಟಿ ಬೇಕೆಂದು ಹೇಳಿಯೇ ತರಿಸುತ್ತಿದ್ದರು. ಎಂ.ಸಿ.ಎ. ಮುಗಿಸಿದ್ದ ನಾನು ಅದಕ್ಕೊಂದು ಸಣ್ಣ ವೆಬ್‌ಸೈಟ್ ಮಾಡಿಕೊಟ್ಟಿದ್ದೆ.

ಗೋಜಲಾದದ್ದು ಹೆಸರುಗಳಲ್ಲಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯಾಗಿ ಬಂದವಳಿಗೆ ಹೊಸ ಹೆಸರಿಡುತ್ತಾರೆ. ಇಡುವುದು ಅವೇ ಕೆಲವು ದೇವರ ಹೆಸರು. ಹೀಗಾಗಿ ಒಬ್ಬಳ ರೊಟ್ಟಿ ಕೇಳಿದವರಿಗೆ ಅದೇ ಹೆಸರಿನ ಇನ್ನೊಬ್ಬಳದು ಹೋಗುತ್ತಿತ್ತು. ಜೇವರ್ಗಿಯ ಮದುವೆ ಮನೆಯೊಂದರ ದೊಡ್ಡ ಆರ್ಡರ್ ಮರುದಿನ ಬೆಳಿಗ್ಗೆ ಬರುವುದಿತ್ತು. ಅಷ್ಟರೊಳಗೆ ಎಲ್ಲರ ತವರ ಹೆಸರನ್ನೂ, ಅಂದರೆ ಮದುವೆಗೆ ಮುಂಚಿನ ಹೆಸರನ್ನೂ, ಸೈಟಿನಲ್ಲಿ ಹಾಕು ಎಂದು ಕಾಕಿಯೇ ಹೇಳಿದಳು.

ಡೇಟಾಬೇಸಿನ ಕೋಷ್ಟಕವನ್ನು ಬದಲಿಸಲು ಸೈಟ್ ಕಟ್ಟಲು ನಾನು ಬಳಸಿದ್ದ ಫ್ರೇಮ್‌ವರ್ಕ್‌ನಲ್ಲಿ ಮೈಗ್ರೇಶನ್ ಎಂಬ ಸಣ್ಣ ಕಡತ ಬೇಕು. ಮೊದಲನೆಯದರಿಂದ ಹೊಸ ಕಾಲಂ ಸೇರಿಸಿದೆ. ಕೈಯೆಲ್ಲ ಹಿಟ್ಟಾಗಿದ್ದ ಹೆಂಗಸರು ಕೂತಲ್ಲಿಂದಲೇ ಹೆಸರು ಹೇಳಿದರು, ನಾನು ತುಂಬಿಸಿದೆ. ಒಬ್ಬಳು ತನ್ನದನ್ನು ಹೇಳಿ ತಲೆ ತಗ್ಗಿಸಿದಾಗ ಪಕ್ಕದವಳು, “ಏನ್ ಬೇ, ಇಷ್ಟ ಛಂದ ಹೆಸರ ಇಷ್ಟ ದಿನ ಎಲ್ಲಿ ಮುಚ್ಚಿಟ್ಟಿದ್ದಿ?” ಎಂದು ಕಾಡಿದಳು.

ಆ ಕಾಲಂ ಖಾಲಿ ಇರಕೂಡದು ಎಂಬ ನಿಯಮಕ್ಕೆ ಎರಡನೆಯ ಮೈಗ್ರೇಶನ್ ಬರೆದೆ. ಅದು ಓಡಲಿಲ್ಲ. ಎಲ್ಲೋ ಒಂದು ಜಾಗ ಖಾಲಿಯಿದೆ ಎಂದು ಎರರ್ ಬಂತು. ಎಲ್ಲರದ್ದೂ ತುಂಬಿಸಿದ್ದೇನೆಂಬ ಧೈರ್ಯದಲ್ಲಿ ನಾನು ದೋಷವನ್ನು ಬೇರೆ ಕಡೆ ಹುಡುಕಿದೆ. ಕಡತಗಳ ಕ್ರಮ ನೋಡಿದೆ, ಎರಡನೆಯದನ್ನು ಅಳಿಸಿ ಹೊಸದಾಗಿ ಬರೆದು ಮತ್ತೆ ಓಡಿಸಿದೆ. ಸಂಜೆಯಾಗುತ್ತ ಬಂದಾಗ, ಖಾಲಿ ಇರುವ ಸಾಲನ್ನಷ್ಟೇ ತೋರಿಸು ಎಂದು ಡೇಟಾಬೇಸನ್ನೇ ಕೇಳಿದೆ. ಬಂದದ್ದು ಕಾಕಿಯ ಸಾಲು. ಎಲ್ಲರಿಂದ ಹೇಳಿಸಿದವಳು ತಾನು ಹೇಳಿರಲಿಲ್ಲ.

ಕೇಳಿದರೆ, ತನ್ನದು ಬೇಡ ಎಂದಳು. ಸದ್ಯಕ್ಕೆ ಏನಾದರೊಂದು ಹೆಸರು ಹಾಕಲೇ ಎಂದೆ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

“ಮಂದಿ ಇಟ್ಟದ್ದು ಒಂದ ಅದ, ಸಾಕು. ನೀ ಮತ್ತೊಂದ ಇಡಬ್ಯಾಡ.”

ನಿಯಮವನ್ನೇ ಸಡಿಲಿಸಿದೆ, ಖಾಲಿ ಇದ್ದರೂ ನಡೆಯುತ್ತದೆ ಎಂದು. ಮೈಗ್ರೇಶನ್ ಒಂದೇ ಸಲಕ್ಕೆ ಓಡಿತು. ಜೇವರ್ಗಿಯ ಆರ್ಡರ್ ಅವರು ಕೇಳಿದ ಹೆಂಗಸರಿಗೇ ತಲುಪಿತು. ಆಮೇಲಾಮೇಲೆ ಹೆಂಗಸರು ಒಬ್ಬರನ್ನೊಬ್ಬರು ತವರ ಹೆಸರಿನಿಂದಲೇ ಕರೆಯತೊಡಗಿದರು. ಕಾಕಿ ಅದನ್ನು ಕೇಳಿ ನಗುತ್ತಿದ್ದಳೆಂದು ನೆನಪು. ನಗುತ್ತಿದ್ದಳೋ, ನಗಲಿ ಎಂದು ನನಗನ್ನಿಸಿತ್ತೋ.

ಈಗ ಆಳಂದಕ್ಕೆ ಹೋದಾಗಲೆಲ್ಲ ಅವಳ ಪಕ್ಕ ಕೂತು ರೊಟ್ಟಿ ತಿನ್ನುತ್ತೇನೆ, ಆ ದಿನಗಳ ಮಾತಾಡುತ್ತೇವೆ. ಹೋದ ಸಲ, ಸೈಟಿನ ಸುದ್ದಿಯನ್ನೇ ಎತ್ತದೆ, ಕೇಳಿದೆ. ಕಾಲಂನಲ್ಲಿ ಅವಳ ಜಾಗ ಇನ್ನೂ ಖಾಲಿಯಿದೆ.

“ಕಾಕಿ, ನಿಮ್ಮವ್ವ ನಿನಗ ಏನಂತ ಕರೀತಿದ್ಲು?”