ಮೀನು ತಿನ್ನದ ಮನೆಯ ಮೀನಿನ ಮೋಟಾರು

ನಮ್ಮ ಮಾವ ಸಿದ್ದಲಿಂಗಪ್ಪನವರು ಹುಟ್ಟಿದಾಗಿನಿಂದ ಮೀನು ತಿಂದವರಲ್ಲ. ತಿನ್ನುವುದು ಹಾಗಿರಲಿ, ಪೇಟೆಯಲ್ಲಿ ಮೀನಿನ ಸಾಲು ಬಂತೆಂದರೆ ಒಂದು ಕೈಯಲ್ಲಿ ಮೂಗು, ಇನ್ನೊಂದು ಕೈಯಲ್ಲಿ ಟಿವಿಎಸ್ ಗಾಡಿ ಹಿಡಿದು ದಾಟುವ ಪೈಕಿ. ಅಂಥವರು ಹತ್ತಿರ ಹತ್ತಿರ ಒಂದು ವರ್ಷ ಭಾನುವಾರ ಬಂದರೆ ಸಾಕು, ತುಂಗಭದ್ರೆಯ ದಂಡೆಯಲ್ಲಿ ಮೀನು ಹಿಡಿಯುವ ಯಂತ್ರದ ಪಕ್ಕ ಕೂತಿರುತ್ತಿದ್ದರು. ಅದೂ ನಮ್ಮ ಅತ್ತೆ ಗದಿಗೆವ್ವನವರಿಗೆ ಗೊತ್ತಾಗದ ಹಾಗೆ. ಅತ್ತೆಗೆ ಗೊತ್ತಾಗದ ಹಾಗೆ ಈ ಮನೆಯಲ್ಲಿ ಇರುವೆಯೂ ಸಕ್ಕರೆ ಡಬ್ಬಿ ಹೊಗುವುದಿಲ್ಲ. ನನ್ನ ಗಂಡ ಶಶಿಕಾಂತ ಹುಡುಗನಾಗಿದ್ದಾಗ ಬೇಕರಿಯಲ್ಲಿ ಒಂದು ಎಗ್ ಪಫ್ ತಿಂದು ಬಂದದ್ದಕ್ಕೆ ಬಚ್ಚಲಿಗೆ ನೂಕಿ ತಲೆ ಮೇಲೆ ನೀರು ಸುರಿದು, ವಿಭೂತಿ ಬಳಿದು ಒಳಗೆ ಬಿಟ್ಟುಕೊಂಡ ಹೆಂಗಸು ಅವರು. ಅವರ ಕಣ್ಣು ತಪ್ಪಿಸಿ ಒಂದು ವರ್ಷ ಗುಟ್ಟು ಕಾಪಾಡಿದ ಮಾವನಿಗೆ ನಾನು ಮನಸ್ಸಿನಲ್ಲೇ ಒಂದು ಶಾಲು ಹೊದಿಸಿದ್ದೇನೆ.

ರಾಣೇಬೆನ್ನೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಮಾವನದು ಮೋಟಾರು ಕಟ್ಟುವ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟಿನ ಹಳೆ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಕುಡಿಸಿ ಕೊಡುವ ಕೆಲಸ. ಆಗ ಕರೆಂಟು ಹೋದರೂ ಮೋಟಾರು ಸುಡುತ್ತಿತ್ತು, ಬಂದರೂ ಸುಡುತ್ತಿತ್ತು, ಹೀಗಾಗಿ ಮಾವನಿಗೆ ಪುರುಸೊತ್ತಿರಲಿಲ್ಲ. ಮೋಟಾರೆಂದರೆ ಅವರಿಗೆ ಎಂಥ ಮರುಳೆಂದರೆ, ಹಾವೇರಿಯಲ್ಲಿ ನನ್ನನ್ನು ನೋಡಲು ಬಂದ ದಿನ ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತರೆ ಇವರು ನಮ್ಮ ಅಡುಗೆಮನೆಯ ಕಡೆ ಕಿವಿ ಕೊಟ್ಟು, “ನಿಮ್ಮ ಮಿಕ್ಸರಿನ ಬೇರಿಂಗ್ ಹೋಗೈತ್ರಿ” ಎಂದಿದ್ದರು. ಹುಡುಗಿ ಒಪ್ಪಿಗೆಯೋ ಇಲ್ಲವೋ ಎಂಬುದು ಆಮೇಲೆ ತಿಳಿಯಿತು, ಬೇರಿಂಗ್ ಅವತ್ತೇ ಬದಲಾಯಿತು.

ನಾನು ಸೊಸೆಯಾಗಿ ಬಂದ ಮರುವರ್ಷ, 2005ರ ದೀಪಾವಳಿ ಮುಗಿದ ಮೇಲೆ, ಐರಣಿ ಕಡೆಯ ದುರಗಪ್ಪ ಎಂಬ ಮೀನುಗಾರ ಒಂದು ಗೋಣಿಚೀಲ ಹಿಡಿದು ಅಂಗಡಿಗೆ ಬಂದ. ಎತ್ತಿನ ಗಾಡಿ ಮಗುಚಿ ಅವನ ಬಲಭುಜ ಮುರಿದಿತ್ತು. ಮೂಳೆ ಕೂಡಿತಾದರೂ ಕೈ ಎದೆಮಟ್ಟದಿಂದ ಮೇಲೆ ಏಳುತ್ತಿರಲಿಲ್ಲ. ಬಲೆ ಬೀಸಲು ಎರಡೂ ಕೈ ಬೇಕು. ಹೀಗಾಗಿ ಮಗನ ತೆಪ್ಪ ಹೊರಡುವುದನ್ನು ದಂಡೆಯಲ್ಲಿ ಕೂತು ನೋಡುವುದಷ್ಟೇ ಅವನ ಪಾಲಿಗೆ ಉಳಿದಿತ್ತು.

“ಸಾವಕಾರ್ರ, ಇದಕ್ಕ ಜೀವಾ ಬರ್ತೈತೇನು ನೋಡ್ರಿ” ಎಂದು ಚೀಲದಿಂದ ತೆಂಗಿನಕಾಯಿ ಗಾತ್ರದ ಒಂದು ಯಂತ್ರ ತೆಗೆದಿಟ್ಟ.

“ಏನಿದು, ಆಡೋ ಸಾಮಾನೇನು?”

“ಮೀನ ಎಳಿಯೂದ್ರಿ. ನಮ್ಮ ಅಕ್ಕನ ಮಗ ಮಲ್ಪಿ ಬೋಟಿನ್ಯಾಗ ಅದಾನ. ಮೋಟರ್ ಸುಟ್ಟೈತಿ ಅಂತ ಮಾಲಕ ಒಗದಿದ್ನಂತ, ಇವ ನನಗ ತಂದಕೊಟ್ಟ. ಗುಂಡಿ ಒತ್ತಿದ್ರ ತಾನ ದಾರಾ ಸುತ್ತಿಕೋತೈತಂತ. ನನಗೊಂದ ಕೈಯಿ ಸಾಕಾಗ್ತೈತಿ.”

ಮೀನು ಎಂಬ ಮಾತು ಕೇಳಿ ಮಾವ ಕುರ್ಚಿ ಹಿಂದಕ್ಕೆ ಸರಿಸಿದರು. ಮೋಟಾರು ಎಂಬ ಮಾತು ಕೇಳಿ ಮುಂದಕ್ಕೆ ಸರಿಸಿದರು. ಬಿಚ್ಚಿ ನೋಡಿದರೆ ಒಳಗೆ ನಿಂಬೆಹಣ್ಣಿನಷ್ಟು ಮೋಟಾರು. ಜೀವಮಾನವೆಲ್ಲ ಐದು ಎಚ್‌ಪಿ ಪಂಪಿನ ಜೊತೆ ಗುದ್ದಾಡಿದ ಮನುಷ್ಯ, ಇಷ್ಟು ಚಿಕ್ಕದನ್ನು ಕಟ್ಟಿದವರಲ್ಲ. ಕೂದಲೆಳೆಯಂಥ ತಂತಿಯನ್ನು ಭೂತಗನ್ನಡಿ ಹಿಡಿದು ಸುತ್ತಿದರು, ಹರಿಯಿತು, ಮತ್ತೆ ಸುತ್ತಿದರು. ಕೊನೆಗೆ ಕಾರಿನ ಹಳೆ ಬ್ಯಾಟರಿಗೆ ಜೋಡಿಸಿ ಗುಂಡಿ ಒತ್ತಿದಾಗ ಅದು ದಾರದ ತುದಿಗೆ ಕಟ್ಟಿ ಅಂಗಡಿಯ ನೆಲದ ಮೇಲಿಟ್ಟಿದ್ದ ಇಟ್ಟಿಗೆಯನ್ನು ದರದರ ಎಳೆದು ತಂದು ಮಾವನ ಕಾಲ ಬಳಿ ನಿಲ್ಲಿಸಿತು. ಮಾವ ಆ ಸಂಜೆ ಇಟ್ಟಿಗೆಯನ್ನು ಎಷ್ಟು ಸಲ ಎಳೆದರೋ, ಪಕ್ಕದ ಸೈಕಲ್ ಅಂಗಡಿಯವನು ಬಾಗಿಲು ಹಾಕುವುದು ಬಿಟ್ಟು ನೋಡುತ್ತ ನಿಂತಿದ್ದನಂತೆ.

ದುರಗಪ್ಪ ಯಂತ್ರ ಒಯ್ದು, ದಪ್ಪ ಬಿದಿರಿಗೆ ಪೈಪಿನ ಕ್ಲಿಪ್ಪು ಹಾಕಿ ಬಿಗಿದ. ಆದರೆ ಬ್ಯಾಟರಿ ಚಾರ್ಜ್ ಮಾಡಬೇಕಲ್ಲ. ಅಷ್ಟು ಭಾರವನ್ನು ಒಂದು ಕೈಯವನು ಬಸ್ಸಿನಲ್ಲಿ ಹೇಗೆ ಒಯ್ದಾನು? ಹಾಗೆಂದು ಮಾವನೇ ಭಾನುವಾರ ಬೆಳಿಗ್ಗೆ ಬ್ಯಾಟರಿಯನ್ನು ಗಾಡಿಯ ಮುಂದಿಟ್ಟುಕೊಂಡು, “ಹೊಳಿ ದಂಡಿ ಮ್ಯಾಲಿಂದ ಒಂದ ಮೋಟರ್ ನೋಡಿ ಬರ್ತೇನಿ” ಎಂದು ಮನೆ ಬಿಡತೊಡಗಿದರು. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ನೋಡಿ. ಅಡಿಕೆ ಕತ್ತರಿಸಿದ ಹಾಗೆ ಸತ್ಯ ಹೇಳುವುದೆಂದರೆ ಇದೇ ಇರಬೇಕು, ಬೇಕಾದಷ್ಟೇ ತುಂಡು.

ಹೊಳೆಯ ಮೇಲೆ ಮಾವನದು ಯಂತ್ರದ ಚಾಕರಿ. ದುರಗಪ್ಪ ಎಲ್ಲಿ ಕೆಂಪು ತಂತಿಯನ್ನು ಕರಿ ಕಡೆಗೆ ಚುಚ್ಚಿ ಮೋಟಾರನ್ನು ಮತ್ತೆ ಸುಡುತ್ತಾನೋ ಎಂದು ಹೆದರಿ, ಬ್ಯಾಟರಿಯ ಪ್ಲಸ್ ಕಡೆ ವಾರ್ನಿಷ್‌ನಲ್ಲಿ ಕಲಸಿದ ಕುಂಕುಮ, ಮೈನಸ್ ಕಡೆ ವಿಭೂತಿ ಹಚ್ಚಿದ್ದರು. ಎರಡೂ ಅತ್ತೆಯ ದೇವರ ಜಗಲಿಯಿಂದ ಹೋದದ್ದು. ಮೀನು ಸಿಕ್ಕಾಗ ದುರಗಪ್ಪ ಎಡಗೈಯಲ್ಲಿ ಗುಂಡಿ ಒತ್ತಿದರೆ, ಮಾವ ಒದ್ದೆ ಬಟ್ಟೆಯಲ್ಲಿ ದಾರ ಹಿಡಿದು ಅದು ಸಡಿಲವಾಗಿ ಸುತ್ತಿಕೊಳ್ಳದ ಹಾಗೆ ನೋಡಿಕೊಳ್ಳುವರು. ಸಡಿಲ ಸುತ್ತಿದರೆ ಮುಂದಿನ ಸಲ ದಾರ ಒಂದರೊಳಗೊಂದು ಹೂತು ಗಂಟು ಬೀಳುತ್ತದೆ. ಮೀನು ನೀರಿನಿಂದ ಮೇಲೆ ಬರುವ ಹೊತ್ತಿಗೆ ಮಾತ್ರ ಮಾವ ಮುಖ ಆಚೆ ತಿರುಗಿಸುವರು. “ಮೀನ ದುರಗಪ್ಪಂದು, ಮೋಟರ್ ನಂದು” ಎಂಬುದು ಅವರು ತಮ್ಮ ಪಾಪಪುಣ್ಯಕ್ಕೆ ಮಾಡಿಕೊಂಡ ಪಾಲುಪಟ್ಟಿ. ಕೆಲಸ ಮುಗಿದ ಮೇಲೆ ಯಂತ್ರವನ್ನು ಒದ್ದೆ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಣಗಿಸಿ, ಬ್ರೇಕು ಸಡಿಲಿಸಿ, ಹೊಲಿಗೆ ಯಂತ್ರದ ತೆಳು ಎಣ್ಣೆ ಒಂದು ಹನಿ ಬಿಡುವರು. ಸ್ವಂತ ಕನ್ನಡಕವನ್ನು ಅವರು ಅಷ್ಟು ಒರೆಸಿದ್ದನ್ನು ನಾನು ಕಂಡಿಲ್ಲ.

ಎರೆಹುಳು ಕೊಕ್ಕೆಗೆ ಚುಚ್ಚುವುದನ್ನು ಮೊದಲ ದಿನವೇ ಮಾವ ನೋಡಲಾರದೆ, ತಮ್ಮ ಬುತ್ತಿ ಬಿಚ್ಚಿ, ಅತ್ತೆ ಕಟ್ಟಿಕೊಟ್ಟ ಜೋಳದ ರೊಟ್ಟಿಗೆ ಶೇಂಗಾ ಹಿಂಡಿ ಸೇರಿಸಿ ನಾದಿ ಉಂಡೆ ಮಾಡಿ ಕೊಟ್ಟಿದ್ದರು. ಹುಳು ಮೂಸದ ಮೀನು ರೊಟ್ಟಿಗೆ ಮುಗಿಬಿದ್ದವು. ಅಂದಿನಿಂದ ಬುತ್ತಿಯೆಲ್ಲ ಹೊಳೆಗೆ. ಮಾವ ಸಂಜೆ ಮನೆಗೆ ಬಂದು ಬರಗೆಟ್ಟವರ ಹಾಗೆ ಉಣ್ಣುತ್ತಿದ್ದರು. ಇವರ ಹೊಟ್ಟೆಯಲ್ಲಿ ಜಂತುಹುಳ ಆಗಿದೆಯೆಂದು ಅತ್ತೆ ವಾರವಾರ ಬುತ್ತಿಯ ರೊಟ್ಟಿ ಹೆಚ್ಚಿಸಿದರು. ಮೀನುಗಳಿಗೆ ಸುಗ್ಗಿ.

ಈ ನಡುವೆ ಅತ್ತೆಗೆ ಮಾವನ ಭಾನುವಾರದ ಅಂಗಿಯ ತೋಳಿನಲ್ಲಿ ಒಂದು ಚಮಕಿ ಸಿಕ್ಕಿತು. ತೆಳ್ಳಗೆ, ದುಂಡಗೆ, ಬೆಳಕಿಗೆ ಹಿಡಿದರೆ ಮಿನುಗುವಂಥದ್ದು. ಮುಂದೊಂದು ವಾರ ಧೋತರದ ಅಂಚಿನಲ್ಲಿ ಇನ್ನೊಂದು. ಆಗ ಊರಿನ ಸೀರೆಗಳೆಲ್ಲ ಚಮಕಿಮಯವಾಗಿದ್ದ ಕಾಲ. ಅತ್ತೆ ಬೆಂಕಿಪೊಟ್ಟಣದಲ್ಲಿ ಅವನ್ನು ಕೂಡಿಟ್ಟು, ಒಂದು ಮಧ್ಯಾಹ್ನ ನನ್ನ ಮುಂದೆ ತೆರೆದರು.

“ಸುಧಾರಾಣಿ, ಇವು ಯಾ ಸೀರಿವು?”

ನಾನೂ ನೋಡಿದೆ. ನನ್ನ ಟ್ರಂಕು ತೆಗೆದು ಮದುವೆಯ ಸೀರೆಗಳಿಗೆ ಹಿಡಿದು ನೋಡಿದೆವು, ಯಾವುದಕ್ಕೂ ಹೊಂದಲಿಲ್ಲ. ಅತ್ತೆಯ ಮುಖ ಸಣ್ಣದಾಯಿತು. “ಅರವತ್ತರ ಹತ್ರ ಬಂದಾರ ನಿಮ್ಮ ಮಾವ” ಎಂದಷ್ಟೇ ಹೇಳಿ ಪೊಟ್ಟಣವನ್ನು ದೇವರ ಜಗಲಿಯ ಮೇಲೆ ಜೋಪಾನವಾಗಿ ಇಟ್ಟರು.

ಆ ಮಳೆಗಾಲದಲ್ಲಿ ಹೊಳೆ ತುಂಬಿದಾಗ ಯಂತ್ರ ದುರಗಪ್ಪನ ಮನೆಯಲ್ಲಿ ಉಳಿಯಿತು. ಅವನು ಪಾಪ, ಪ್ರೀತಿಗೆ ಕೊರತೆಯಾಗಬಾರದೆಂದು ಗಾಣದ ಕುಸುಬಿ ಎಣ್ಣೆಯನ್ನು ಅದಕ್ಕೆ ಧಾರಾಳವಾಗಿ ಕುಡಿಸಿ ಎತ್ತಿಟ್ಟಿದ್ದ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಬೆಲ್ಲದ ಪಾಕದ ಹಾಗೆ ಅಂಟುಗಟ್ಟುತ್ತದೆ. ನೀರು ಇಳಿದ ಮೇಲೆ ತೆಗೆದರೆ ಹಲ್ಲಿನ ಚಕ್ರ ಒಂದೂ ಕದಲಲಿಲ್ಲ. ಮಹಾನವಮಿ ದಿನ ಅದನ್ನು ಅಂಗಡಿಗೆ ತಂದ. ಅಂಗಡಿಯಲ್ಲಿ ಆಯುಧ ಪೂಜೆಯಾಗಿ ಸ್ಪ್ಯಾನರು ಇಕ್ಕಳಗಳೆಲ್ಲ ಹೂವಿನಡಿ ಕೂತಿದ್ದವು, ಅವನ್ನು ಮುಟ್ಟುವ ಹಾಗಿಲ್ಲ. ತಡೆಯಲಾರದ ಮಾವ ಯಂತ್ರವನ್ನು ಮನೆಗೇ ತಂದು, ಹಿತ್ತಿಲಲ್ಲಿ ಪೇಪರ್ ಹಾಸಿ, ಮನೆಯ ಹಳೆ ಸ್ಕ್ರೂಡ್ರೈವರಿನಲ್ಲಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆಯುತ್ತ ಕೂತರು.

ಅತ್ತೆ ಕರಿಗಡುಬಿನ ಹಿಟ್ಟಿನ ಕೈಯಲ್ಲೇ ನೋಡಲು ಬಂದರು. ಹಿಂದೆ ನಾನು. ಮಾವ ಚಕ್ರವನ್ನು ಒದರಿದಾಗ ಅಂಟಿನೊಳಗಿಂದ ಒಂದು ಚಮಕಿ ಪೇಪರಿನ ಮೇಲೆ ಬಿತ್ತು.

ಅತ್ತೆ ಬಗ್ಗಿ ಅದನ್ನು ನೋಡಿದರು. ಒಳಗೆ ಹೋಗಿ ಬೆಂಕಿಪೊಟ್ಟಣ ತಂದು ಪಕ್ಕದಲ್ಲಿ ಸುರಿದರು. ಎಲ್ಲವೂ ಒಂದೇ ಜಾತಿಯವು.

“ಇವು ಯಾರ ಸೀರಿವು, ಖರೇ ಹೇಳ್ರಿ.”

ಮಾವ ಕನ್ನಡಕ ಏರಿಸಿ ನೋಡಿದರು. ಅವರ ಮುಖದಲ್ಲಿ ಎರಡು ಹೆದರಿಕೆ ಜಗಳವಾಡಿದ್ದು ನನಗೆ ಸ್ಪಷ್ಟವಾಗಿ ಕಂಡಿತು.

“ಸೀರಿವಲ್ಲ. ಮೀನಿನ ಮೈಮ್ಯಾಲಿನ ಹುರುಪಿ.”

“ಮೀನಿಂದು?”

“ಮೀನಿಂದು.”

ಅತ್ತೆಯ ಮುಖ ಮೊದಲು ಅರಳಿತು. ನನ್ನ ಕಣ್ಣಾರೆ ಕಂಡಿದ್ದೇನೆ, ಒಂದು ಗಳಿಗೆ ಅವರು ಹೊಸ ಮದುವಣಗಿತ್ತಿಯ ಹಾಗಿದ್ದರು. ಆಮೇಲೆ ಆ ಪೊಟ್ಟಣವನ್ನು ತಾವು ಎಲ್ಲಿಟ್ಟಿದ್ದರೆಂಬುದು ನೆನಪಾಯಿತು. ಕೂಡಲೇ ದೇವರ ಜಗಲಿ ತೊಳೆದರು, ಅಡುಗೆಮನೆ ತೊಳೆದರು, ಮಾವನನ್ನೂ ತೊಳೆದರು ಎನ್ನಬಹುದು. ಮಾವ ಎಲ್ಲ ಒಪ್ಪಿಕೊಂಡರು, ಬುತ್ತಿಯ ಸಂಗತಿಯೊಂದನ್ನು ಬಿಟ್ಟು. ರಾತ್ರಿಯ ಊಟಕ್ಕೆ ಮೊದಲು ತೀರ್ಪು ಬಂತು.

“ಆ ಮಷೀನ ಕೊಟ್ಟ ಕಳಿಸ್ರಿ. ಇನ್ನ ಹೊಳಿಗೆ ಹೋಗೂದಿಲ್ಲ, ಬ್ಯಾಟ್ರಿನೂ ಹೋಗೂದಿಲ್ಲ.”

ಮಾವ ತಲೆಯಾಡಿಸಿದರು. ಯಂತ್ರವನ್ನು ಸ್ವಚ್ಛ ಮಾಡಿ ಕಳಿಸಿಕೊಟ್ಟರು. ಆದರೆ ಬ್ಯಾಟರಿಯಿಲ್ಲದ ಯಂತ್ರ ದುರಗಪ್ಪನಿಗೆ ಯಾವ ಕೆಲಸಕ್ಕೆ? ಅವನು ಮತ್ತೆ ದಂಡೆಗೆ ಬಿದ್ದನೆಂದು ನೆನೆದು ಮಾವನಿಗೆ ಅನ್ನ ಇಳಿಯಲಿಲ್ಲ. ಮುಂದಿನ ಭಾನುವಾರ ಮನೆಯಲ್ಲಿ ಕೂತು ಚೆನ್ನಾಗಿಯೇ ಇದ್ದ ಮಿಕ್ಸರು ಬಿಚ್ಚಿದರು, ಫ್ಯಾನು ಇಳಿಸಿದರು, ಗೋಡೆ ಗಡಿಯಾರವನ್ನು ಹನ್ನೆರಡಕ್ಕೆ ಏಳು ಬಡಿಯುವ ಹಾಗೆ ಮಾಡಿದರು. ಅತ್ತೆ ಹಲ್ಲು ಕಚ್ಚಿಕೊಂಡು ಶೇಂಗಾ ಚಟ್ನಿಯನ್ನು ಒರಳಿನಲ್ಲಿ ಕುಟ್ಟಿದರು.

ಎರಡು ದಿನ ಬಿಟ್ಟು ದುರಗಪ್ಪನ ಹೆಂಡತಿ ಹೊಳಿಯವ್ವ ಬಂದಳು. ಪೇಟೆಯಲ್ಲಿ ಮೀನು ಮಾರುವವಳು, ಅವತ್ತು ಬುಟ್ಟಿ ತಂದಿರಲಿಲ್ಲ. ಹುಣಸೆಹುಳಿ ಹಾಕಿ ಬೆಳಗಿದ ಮಾವನ ಬುತ್ತಿಡಬ್ಬಿ, ಅದರ ಮೇಲೆ ಒಂದು ಹಿಡಿ ಬನ್ನಿ ಎಲೆ. ಕಟ್ಟೆಯ ಮೇಲೆ ಕೂತು, “ತಡಾ ಆತ್ರಿ ಅವ್ವ, ಬನ್ನಿ ತಗೊಂಡು ಬಂಗಾರದಂಗ ಇರೂಣ” ಎಂದಳು. ಅತ್ತೆ ಬನ್ನಿ ತಗೊಂಡು ಚಹಾ ತರಿಸಿದರು.

“ಡಬ್ಬಿ ನಮ್ಮಲ್ಲೇ ಉಳದಿತ್ರಿ. ನಿಮ್ಮ ರೊಟ್ಟಿ ಅಂದ್ರ ಹೊಳ್ಯಾಗಿನ ಮೀನೆಲ್ಲಾ ಸಾಲು ಹಚ್ಚತಿದ್ವು ನೋಡ್ರಿ. ಸಾವಕಾರ್ರು ತಾವು ಒಂದ ತುತ್ತ ತಿಂತಿದ್ದಿಲ್ಲ, ಎಲ್ಲಾ ನಾದಿ ಕೊಕ್ಕಿಗೆ.”

ನಾನು ಬಾಗಿಲ ಹಿಂದಿನಿಂದ ಇಣುಕಿದೆ. ಅತ್ತೆ ಚಹಾದ ಕಪ್ಪು ಕೆಳಗಿಟ್ಟರು.

“ಅಷ್ಟೂ ರೊಟ್ಟಿ?”

“ಅಷ್ಟೂನೂ. ನಮ್ಮವರು ಹೇಳ್ತಿದ್ರು, ಆ ಕೈಯ ರುಚಿ ಮೀನಿಗೂ ಗೊತ್ತೈತಿ ಅಂತ.” ಹೊಳಿಯವ್ವ ಸೆರಗಿನಲ್ಲಿ ಕೈ ಒರೆಸಿಕೊಂಡಳು. “ಹ್ವಾದ ವರ್ಷ ತನಕಾ ಅವ್ರು ಮನ್ಯಾಗ ಮಾತ ಆಡ್ತಿದ್ದಿಲ್ರಿ. ಮಷೀನ ಬಂದಮ್ಯಾಲೆ ಸಂಜಿಗೆ ಹಾಡ ಗುನುಗುತ್ತ ಬರ್ತಿದ್ರು. ಈಗ ಮತ್ತ ಸುಮ್ಮನ ಆಗ್ಯಾರ. ಅದಕ್ಕೇನ ಮಾಡೂದು, ನಿಮ್ಮ ಮನಿ ನಿಮ್ಮ ರೀತಿ.”

ಬೇರೆ ಏನೂ ಕೇಳದೆ ಅವಳು ಬಸ್ಸಿಗೆ ಹೊರಟಳು. ಅತ್ತೆ ಆ ಡಬ್ಬಿಯನ್ನು ಬಹಳ ಹೊತ್ತು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರಿಗೆ ಸಿಟ್ಟು ಬಂದಿತ್ತು, ಅದು ನಿಜ. ಆದರೆ ಯಾರ ಮೇಲೆ ಎಂದು ಅವರಿಗೇ ತೀರ್ಮಾನವಾಗಲಿಲ್ಲ.

ಭಾನುವಾರ ಬೆಳಿಗ್ಗೆ ಮಾವ ಇಸ್ತ್ರಿಪೆಟ್ಟಿಗೆ ಬಿಚ್ಚಲು ಹವಣಿಸುತ್ತಿದ್ದಾಗ ಅತ್ತೆ ಅವರ ಮುಂದೆ ಎರಡು ಅಂತಸ್ತಿನ ಟಿಫಿನ್ ಕ್ಯಾರಿಯರ್ ತಂದಿಟ್ಟರು.

“ಮ್ಯಾಲಿಂದು ನಿಮಗ. ಕೆಳಗಿಂದು ಅವಕ್ಕ.”

ಮಾವ ಕೆಳಗಿನದನ್ನು ತೆರೆದು ನೋಡಿದರು. ಜೋಳದ ಹಿಟ್ಟು, ಶೇಂಗಾ ಹಿಂಡಿ, ಹದವಾಗಿ ನಾದಿ ಉಂಡೆ ಕಟ್ಟಿತ್ತು.

“ಉಪ್ಪು?”

“ಹಾಕಿಲ್ಲ. ಸಿಹಿನೀರಾಗ ಇರೂ ಪ್ರಾಣಿ, ಅವಕ್ಯಾಕ ಉಪ್ಪು. ಮಷೀನ ಮನಿಗೆ ತರೂದಿಲ್ಲ, ಅಂಗಡ್ಯಾಗ ಜಳಕಾ ಮಾಡಿ ಬರೂದು. ಮತ್ತ ನಿಮ್ಮ ಬುತ್ತಿ ನೀವ ಉಣ್ಣೂದು.”

ಮಾವ ಅವಸರದಲ್ಲಿ ಚಪ್ಪಲಿ ಅದಲುಬದಲು ಮೆಟ್ಟಿಕೊಂಡೇ ಹೋದರು. ಸಂಜೆ ಸೋಪಿನ ವಾಸನೆ ಹೊಡೆಯುತ್ತ ಬಂದು ಊಟಕ್ಕೆ ಕೂತು, ಒಂದು ರೊಟ್ಟಿಗೇ ಸಾಕೆಂದರು. ಅತ್ತೆ ಬುಟ್ಟಿಯ ಉಳಿದ ರೊಟ್ಟಿಗಳನ್ನು ಮುಚ್ಚಿಟ್ಟರು. ಮುಚ್ಚುವಾಗ ಅವರ ಬೆನ್ನು ನಮ್ಮ ಕಡೆಗಿತ್ತು.

“ದುರಗಪ್ಪಗ ಏನರ ಸಿಕ್ಕಿತೇನು?”

“ಒಂದ ಸಿಕ್ತು.”

“ಎಷ್ಟಿತ್ತು?”

ಮಾವ ನನ್ನ ಮುಖ ನೋಡಿದರು. ಮೀನು ಮೇಲೆ ಬರುವಾಗ ಆಚೆ ತಿರುಗುತ್ತಿದ್ದ ಮನುಷ್ಯ, ಅವತ್ತು ನೋಡಿದ್ದರೆಂದು ಕಾಣುತ್ತದೆ. ಎರಡೂ ಕೈಗಳನ್ನು ನಿಧಾನವಾಗಿ ಅಗಲಿಸಿದರು. ಅತ್ತೆ ತಿರುಗಿ ಆ ಅಳತೆಯನ್ನು ನೋಡಿ, “ಹಂಗಾದ್ರ ಬರೂ ವಾರ ಹಿಟ್ಟು ಇನ್ನೊಂದೀಟ ಹೆಚ್ಚಿಗಿ ನಾದ್ತೇನಿ” ಎಂದರು.