ಅಂಕಿ ಬರೆದ ಕಲ್ಲುಗಳು

ಎರಡು ಸಾವಿರದ ದಶಕದ ಕೊನೆಯ ವರ್ಷಗಳಲ್ಲಿ ಮೆಲ್ಬೋರ್ನಿನ ಒಂದು ಸಮುದಾಯ ರೇಡಿಯೊ ಭಾನುವಾರ ಬೆಳಿಗ್ಗೆ ಕನ್ನಡಕ್ಕೊಂದಿಷ್ಟು ಹೊತ್ತು ಕೊಡುತ್ತಿತ್ತು. ನಮ್ಮ ಕನ್ನಡ ಸಂಘದ ಪರವಾಗಿ ನಾನು ವಾರ್ತೆ ಓದುತ್ತಿದ್ದೆ. ವಾರ್ತೆ ಎಂದರೆ ಊರಿನ ಪತ್ರಿಕೆಗಳ ವೆಬ್‌ಸೈಟುಗಳಿಂದ ಹೆಕ್ಕಿದ ಸರಕು: ಮಳೆ, ಕ್ರಿಕೆಟ್, ವಿಧಾನಸೌಧದ ಜಗಳ. ಎರಡು ಕಡೆಯಿಂದ ಖಚಿತವಾಗದ ಸುದ್ದಿಯನ್ನು ಓದಬಾರದು ಎಂಬುದು ಸಂಘದ ನಿಯಮ. ಕೇಳಲು ಬಹಳ ಘನವಾದ ನಿಯಮವೇ. ಅದರೊಳಗಿನ ಹುಳುಕು ಕಂಡ ಮೇಲೆ ಹುಟ್ಟಿದ ಹೇಸಿಗೆ ಮಾತ್ರ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ವಾರ್ತೆಯ ನಂತರ ಮಕ್ಕಳ ಕಾರ್ಯಕ್ರಮ. ಅದನ್ನು ನಡೆಸಿಕೊಡುತ್ತಿದ್ದವಳು ಕರಾವಳಿಯ ಕಡೆಯವಳು, ಕ್ರೈಸ್ತಳು. ನಾವಿಬ್ಬರೂ ಡಾಕ್‌ಲ್ಯಾಂಡ್ಸ್‌ನ ಒಂದೇ ಬ್ಯಾಂಕಿನ ಬೇರೆ ಬೇರೆ ಮಹಡಿಗಳಲ್ಲಿ ಕೆಲಸ ಮಾಡುತ್ತಿದ್ದೆವು. ಒಂದು ದಿನ ಟ್ರಾಮಿನಲ್ಲಿ ಪಕ್ಕದಲ್ಲಿ ನಿಂತು, ತನ್ನೂರಿನ ಪ್ರಾರ್ಥನಾ ಮಂದಿರಕ್ಕೆ ಗುಂಪೊಂದು ನುಗ್ಗಿದ ಸಂಗತಿ ಹೇಳಿದಳು. ಕಿಟಕಿಗೆ ಕಲ್ಲು ಎಸೆದು, ಬೆಂಚು ಮುರಿದು ಹೋಗಿದ್ದರಂತೆ. ನೂಕಾಟದಲ್ಲಿ ಅವಳ ತಾಯಿ ಮೆಟ್ಟಿಲ ಮೇಲೆ ಬಿದ್ದು ಎಡಗೈ ಮುರಿದುಕೊಂಡಿದ್ದರು.

ಅವಳು ಕೇಳಿದ್ದು ಇಷ್ಟೇ: ವಾರ್ತೆಯಲ್ಲಿ ಇದಕ್ಕೊಂದು ಸಾಲು. ಹಿಂದಿನ ವಾರ ಸಂಘದ ಊಟದಲ್ಲಿ ಯಾರೋ ಅವಳ ತಟ್ಟೆಗೆ ಪಲ್ಯ ಬಡಿಸುತ್ತಲೇ, ಇದೆಲ್ಲ ಫಾರಿನ್ ಫಂಡ್‌ಗಾಗಿ ನಿಮ್ಮವರೇ ಕಟ್ಟಿದ ಕತೆಯಂತಲ್ಲ ಎಂದು ಕೇಳಿದ್ದರಂತೆ. ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಮುದುಕಿ ಇಲ್ಲಿಯವರ ಬಾಯಲ್ಲಿ ಸುಳ್ಳಿಯಾಗಿದ್ದಳು. ಕ್ರಿಕೆಟ್ ಸ್ಕೋರ್ ಹೇಳುವ ದನಿಯಲ್ಲೇ ಒಮ್ಮೆ ಇದನ್ನೂ ಹೇಳಿಬಿಡಿ ಎಂದಳು. ನನಗೆ ಅದು ದೊಡ್ಡ ಬೇಡಿಕೆಯಾಗಿ ಕಾಣಲಿಲ್ಲ.

ಅವಳ ಮಾತನ್ನೂ ನಾನು ಕಣ್ಣು ಮುಚ್ಚಿ ನಂಬಿದವನಲ್ಲ. ಒಂದು ಪ್ರಾರ್ಥನಾ ಬಳಗದ ಇಂಗ್ಲಿಷ್ ಇಮೇಲಿನಲ್ಲಿ ಅದೇ ಊರಿನಲ್ಲಿ ಹಲವರು ಸತ್ತರೆಂದು ಬಂದಿತ್ತು. ಅದನ್ನು ತೋರಿಸಿ ಕೇಳಿದೆ. ಅವಳ ಮುಖ ಕೆಂಪಾಯಿತು.

"ಯಾರೂ ಸತ್ತಿಲ್ಲ ಅಂಕಲ್. ಇದನ್ನು ಬರೆದವರಿಗೆ ನಾನೇ ಫೋನ್ ಮಾಡಿ ಬೈದಿದ್ದೇನೆ. ಜನ ಸತ್ತಿದ್ದಾರೆ ಅಂತ ಇವರು ಬರೆದ್ರೆ ನಮ್ಮಮ್ಮನ ಕೈ ಸುಳ್ಳಾಗ್ತದೆ."

ಸುದ್ದಿಯ ಬಗ್ಗೆ ಇದಕ್ಕಿಂತ ನೆಟ್ಟಗಿನ ಮಾತನ್ನು ನಾನು ಯಾವ ಸಂಪಾದಕರ ಬಾಯಲ್ಲೂ ಕೇಳಿಲ್ಲ. ಊರಿನ ಒಂದು ಪತ್ರಿಕೆಯ ಒಳಪುಟದಲ್ಲಿ ಕಲ್ಲು ಬಿದ್ದ ವಿಷಯ ಚಿಕ್ಕದಾಗಿ ಬಂದಿತ್ತು. ಅದು ಒಂದು ಕಡೆ, ಅವಳ ತಾಯಿ ಇನ್ನೊಂದು ಕಡೆ. ನಿಯಮಕ್ಕೆ ಇಷ್ಟು ಸಾಕು ಎಂದುಕೊಂಡೆ. ಸಂಘದ ಕಾರ್ಯದರ್ಶಿ ಒಪ್ಪಲಿಲ್ಲ. ಸಂಬಂಧಪಟ್ಟವರ ಮಾತು ಸಾಕ್ಷಿಯಲ್ಲವಂತೆ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲವಂತೆ. ಮೆಟ್ಟಿಲ ಮೇಲೆ ಬಿದ್ದವರು ಸಂಬಂಧಪಡದವರಾಗಿರಬೇಕು ಎಂದು ಬಯಸುವುದು ಯಾವ ಸೀಮೆಯ ನ್ಯಾಯವೋ ಕಾಣೆ.

ಅಷ್ಟರಲ್ಲಿ ಎಲ್ಲರ ಇಮೇಲಿಗೂ ಒಂದು ಫೋಟೊ ಬಂತು. ಅದೇ ಊರಿನ ದೇವಸ್ಥಾನ. ಗರ್ಭಗುಡಿ ನೆಲಸಮವಾಗಿದೆ, ಕಲ್ಲುಗಳು ಅಂಗಳದಲ್ಲಿ ಬಿದ್ದಿವೆ. ಕಿಟಕಿ ಗಾಜಿಗೆ ಅಳುವವರು ಇದನ್ನು ನೋಡಲಿ ಎಂದು ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ನಮ್ಮ ಕಾರ್ಯದರ್ಶಿಗೂ ಬಂದಿತ್ತು, ಸಿಡ್ನಿಯ ಸಂಘದ ಡಾಕ್ಟರಿಗೂ ಬಂದಿತ್ತು. ಎರಡು ಕಡೆಯಿಂದ ಖಚಿತವಾಯಿತು, ಈ ಭಾನುವಾರ ಮೊದಲ ಸುದ್ದಿ ಇದೇ ಎಂದು ಕಾರ್ಯದರ್ಶಿ ಫೋನ್ ಮಾಡಿದರು. ಆ ದೇವಸ್ಥಾನಕ್ಕೆ ಏನೂ ಆಗಿಲ್ಲ, ಜೀರ್ಣೋದ್ಧಾರ ನಡೆಯುತ್ತಿದೆ, ಕೆಲಸ ಮುಗಿದ ಮೇಲಿನ ಬ್ರಹ್ಮಕಲಶದ ದಿನ ಊರವರೆಲ್ಲ ಹೊತ್ತೊಯ್ಯುವ ಹೊರೆಕಾಣಿಕೆಗೆ ಅಮ್ಮನೂ ತೆಂಗಿನಕಾಯಿ ತೆಗೆದಿಟ್ಟಿದ್ದಾರೆ ಎಂದು ಅವಳು ಹೇಳಿದಳು. ನಾನು ಅದನ್ನು ಮುಟ್ಟಿಸಿದಾಗ, ಅವಳು ಹಾಗೆ ಹೇಳದೆ ಇನ್ನೇನು ಹೇಳುತ್ತಾಳೆ ಎಂದು ಕಾರ್ಯದರ್ಶಿ ನಕ್ಕುಬಿಟ್ಟರು.

ಆ ವಾರ ಬ್ಯಾಂಕಿನ ಕೆಲಸಕ್ಕೆ ಸಿಡ್ನಿಗೆ ಹೋಗಬೇಕಿತ್ತು. ಸಂಜೆ ವೆಸ್ಟ್‌ಮೀಡ್‌ನಲ್ಲಿದ್ದ ಆ ಡಾಕ್ಟರ ಮನೆಗೆ ಹೋದೆ. ಒಳ್ಳೆಯ ಮನುಷ್ಯರು, ಒಳ್ಳೆಯ ಕಾಫಿ, ಮನೆಯಲ್ಲೇ ಮಾಡಿದ ಕೋಡುಬಳೆ. ಸುದ್ದಿಯನ್ನು ಹೇಗೆ ಖಚಿತ ಮಾಡಿಕೊಂಡಿರಿ ಎಂದು ಕೇಳಿದೆ.

"ನಿಮ್ಮ ಮೆಲ್ಬೋರ್ನ್‌ನವರೇ ಕನ್ಫರ್ಮ್ ಮಾಡಿದ್ರಲ್ಲಪ್ಪಾ," ಎಂದರು. "ನಿಮ್ಮ ಸೆಕ್ರೆಟರಿನೇ ಕಳಿಸಿದ್ದು."

ಮೆಲ್ಬೋರ್ನಿಗೆ ಸಿಡ್ನಿ ಸಾಕ್ಷಿ, ಸಿಡ್ನಿಗೆ ಮೆಲ್ಬೋರ್ನ್ ಸಾಕ್ಷಿ. ಇಬ್ಬರು ಕುರುಡರು ಕೈ ಕೈ ಹಿಡಿದುಕೊಂಡು ದಾರಿ ಸರಿಯಿದೆ ಎನ್ನುತ್ತಿದ್ದರು. ಕೈಯಲ್ಲಿದ್ದ ಕೋಡುಬಳೆಯನ್ನು ತಟ್ಟೆಗಿಟ್ಟೆ. ಆ ಫೋಟೊವನ್ನೊಮ್ಮೆ ನಿಮ್ಮ ದೊಡ್ಡ ಮಾನಿಟರಿನಲ್ಲಿ ತೋರಿಸಿ ಎಂದೆ. ನಾನು ಸಿವಿಲ್ ಇಂಜಿನಿಯರಿಂಗ್ ಓದಿ ಆಮೇಲೆ ಕಂಪ್ಯೂಟರ್ ಮುಂದೆ ಕೂತವನು. ಕಲ್ಲು ಕಂಡರೆ ಈಗಲೂ ಕಣ್ಣು ಅಲ್ಲೇ ನಿಲ್ಲುತ್ತದೆ.

ಕಲ್ಲುಗಳ ಮೇಲೆ ಬಿಳಿ ಬಣ್ಣದಲ್ಲಿ ಅಂಕಿಗಳಿದ್ದವು. ಗೋಡೆಯ ಒಂದೊಂದು ವರಸೆಯ ಕಲ್ಲನ್ನೂ ಬೇರೆ ಬೇರೆ ಸಾಲಿನಲ್ಲಿ ಇಟ್ಟಿದ್ದರು. ಹಳೆಯ ಗುಡಿಯನ್ನು ಬಿಚ್ಚಿ ಮತ್ತೆ ಕಟ್ಟುವಾಗ ಯಾವ ಕಲ್ಲು ಎಲ್ಲಿಗೆ ಎಂದು ಗೊತ್ತಾಗಲೆಂದು ಹೀಗೆ ಗುರುತು ಹಾಕುತ್ತಾರೆ. ಫೋಟೊದ ಮೂಲೆಯಲ್ಲಿ ತಗಡಿನ ಮಾಡಿನ ಚಿಕ್ಕ ಗುಡಿ, ಅದರ ಮುಂದೆ ಉರಿಯುವ ದೀಪ. ಕೆಲಸ ಮುಗಿಯುವವರೆಗೆ ದೇವರನ್ನು ಇಟ್ಟು ಪೂಜೆ ಮಾಡುವ ಬಾಲಾಲಯ ಅದು. ನಾಲ್ಕು ತಲೆಮಾರು ದೇವಸ್ಥಾನ ಸುತ್ತಿದವರ ಮನೆಗಳಲ್ಲಿ ಬೆಳೆದವರೇ ಈ ಫೋಟೊ ಹಂಚಿದವರೆಲ್ಲ. ಕೆಡವಲು ಬಂದವರು ಕಲ್ಲಿಗೆ ಅಂಕಿ ಬರೆದು, ಸಾಲಾಗಿ ಜೋಡಿಸಿ, ದೇವರಿಗೆ ದೀಪ ಹಚ್ಚಿ ಹೋಗುತ್ತಾರೆಯೇ ಎಂದು ಒಬ್ಬರಿಗೂ ಅನ್ನಿಸಿರಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು, ಕಾಫಿ ಇನ್ನೊಂದು ಸ್ವಲ್ಪ ಹಾಕಲೇ ಎಂದು ಕೇಳಿದರು.

ಶನಿವಾರ ಗ್ಲೆನ್ ವೇವರ್ಲಿಯಲ್ಲಿ ಕಾರ್ಯದರ್ಶಿಯ ಮನೆಯಲ್ಲಿ ಸಮಿತಿ ಸೇರಿತು. ನಾನು ಫೋಟೊವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮೇಜಿನ ಮೇಲಿಟ್ಟೆ, ಅಂಕಿ ತೋರಿಸಿದೆ, ದೀಪ ತೋರಿಸಿದೆ. ದೇವಸ್ಥಾನ ಸುರಕ್ಷಿತವಾಗಿದೆ ಎಂದೆ. ಒಬ್ಬರಾದರೂ ಸದ್ಯ, ಬದುಕಿದೆವು ಎನ್ನುತ್ತಾರೆ ಎಂದು ಕಾದೆ. ಯಾರ ಮುಖದಲ್ಲೂ ಸಂತೋಷವಿರಲಿಲ್ಲ. ಸತ್ತನೆಂದು ತಾವು ಅತ್ತಿದ್ದ ನೆಂಟ ಬಾಗಿಲಲ್ಲಿ ಬಂದು ನಿಂತರೆ ಮುಖ ಸಿಂಡರಿಸುವವರ ಹಾಗೆ ಕೂತಿದ್ದರು.

"ಸರಿ ಬಿಡಿ," ಎಂದರು ಕಾರ್ಯದರ್ಶಿ. "ಇಲ್ಲಿ ಆಗಿಲ್ದಿದ್ರೆ ಇನ್ನೆಲ್ಲೋ ಆಗಿರತ್ತೆ."

ದೇವರು ಕ್ಷೇಮವಾಗಿರುವುದು ಈ ಭಕ್ತರಿಗೆ ಬೇಕಾಗಿರಲಿಲ್ಲ, ಗಾಯ ಬೇಕಾಗಿತ್ತು, ಅದೂ ತಮ್ಮ ಕಡೆಯದೇ ಆಗಬೇಕಿತ್ತು. ಕೊನೆಗೆ ಸಮತೋಲನದ ದೃಷ್ಟಿಯಿಂದ ಎರಡೂ ಸುದ್ದಿಗಳನ್ನು ಕೈಬಿಡಬೇಕೆಂದು ತೀರ್ಮಾನವಾಯಿತು. ಒಂದು ಸುಳ್ಳು, ಒಂದು ನಿಜ, ಎರಡಕ್ಕೂ ಒಂದೇ ಕಸದ ಬುಟ್ಟಿ. ಎಲ್ಲರೂ ತಲೆಯಾಡಿಸಿ ಬಿಸಿಬೇಳೆಭಾತಿನ ಕಡೆಗೆ ನಡೆದರು. ನಾನು ಊಟ ಮಾಡದೆ ಕಾರು ಹತ್ತಿದೆ.

ಮರುದಿನ ಬೆಳಿಗ್ಗೆ ಮಳೆಯ ಸುದ್ದಿ ಮುಗಿಸಿ, ಕ್ರಿಕೆಟ್ ಶುರು ಮಾಡುವ ಮೊದಲು ಓದಿಯೇಬಿಟ್ಟೆ. ಕರಾವಳಿಯ ಆ ಊರಿನಲ್ಲಿ ಪ್ರಾರ್ಥನಾ ಮಂದಿರದ ಮೇಲೆ ಕಲ್ಲು ಬಿದ್ದಿದೆ, ಒಬ್ಬ ವೃದ್ಧೆಯ ಕೈ ಮುರಿದಿದೆ, ಯಾರೂ ಸತ್ತಿಲ್ಲ. ಅದೇ ಊರಿನ ದೇವಸ್ಥಾನಕ್ಕೆ ಏನೂ ಆಗಿಲ್ಲ, ಜೀರ್ಣೋದ್ಧಾರ ನಡೆಯುತ್ತಿದೆ. ಎದುರಿನ ಮೈಕಿನ ಮುಂದೆ ಕೂತಿದ್ದ ಅವಳು ಮಕ್ಕಳ ಕತೆಯ ಪುಸ್ತಕವನ್ನು ಮುಚ್ಚಿ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು.

ಹಾಡು ಹಾಕಿದ ಕೂಡಲೇ ಸ್ಟುಡಿಯೊದ ಫೋನ್ ಹೊಡೆದುಕೊಂಡಿತು. ನಾನು ಸ್ಪೀಕರ್ ಒತ್ತಿದೆ. ಇಬ್ಬರಿಗೂ ಪರಿಚಯವಿದ್ದ ಆಂಟಿಯೊಬ್ಬರ ದನಿ. ಸಂಘದ ಊಟದಲ್ಲಿ ಪಲ್ಯ ಬಡಿಸಿದ್ದವರು ಅವರೇ ಎಂದು ಅವಳು ಆಮೇಲೆ ಹೇಳಿದಳು. ಇಷ್ಟು ವರ್ಷಗಳಲ್ಲಿ ನಾನು ಓದಿದ ಯಾವ ಸುದ್ದಿಗೂ ಅವರು ಆಧಾರ ಕೇಳಿದವರಲ್ಲ.

"ಕೈ ಮುರಿದಿದೆ ಅಂದ್ರಲ್ಲ, ಎಕ್ಸ್-ರೇ ಇದೆಯೇನ್ರೀ ಅದಕ್ಕೆ?"

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುವ ಭಾಷೆ ನಮ್ಮದು. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಫೋನಿನ ಕಡೆಗೆ ಬಾಗಿದಳು. ಮಕ್ಕಳಿಗೆ ಕತೆ ಹೇಳುವಷ್ಟೇ ಮೆತ್ತಗೆ ಮಾತಾಡಿದಳು.

"ಉಂಟು ಆಂಟಿ, ಎಡಗೈಯದ್ದು. ನಿಮ್ಮ ಅಡ್ರೆಸ್ ಕೊಡಿ, ಅಮ್ಮನ ಹತ್ರ ಹೇಳಿ ತರಿಸಿ ಕಳಿಸ್ತೇನೆ."

ಆಂಟಿ ಫೋನ್ ಇಟ್ಟುಬಿಡುತ್ತಾರೆ ಎಂದುಕೊಂಡೆ. ಅವರು ಮನೆ ನಂಬರ್, ಬೀದಿ, ಸಬರ್ಬ್, ಪೋಸ್ಟ್‌ಕೋಡ್ ಎಲ್ಲವನ್ನೂ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು.